ಅಪ್‌ಡೇಟ್: 62 ಕಿ.ಮೀ. 10ಜಿ ಲಿಂಕ್‌ಗೆ ಝಡ್‌ಆರ್ ಹಾಕಿದೆವು
62 ಕಿ.ಮೀ. ಡಾರ್ಕ್ ಫೈಬರ್‌ಗೆ (ಎರಡೂ ತುದಿಯ ಉಪಕರಣ ನಾವೇ ಹಾಕಬೇಕಾದ ಖಾಲಿ ಫೈಬರ್) ಸುಮಾರು 40 ಕಿ.ಮೀ.ಗೆಂದು ಮಾಡಿದ ಇಆರ್ ಆಪ್ಟಿಕಲ್ ಮಾಡ್ಯೂಲ್ ಸಾಕೇ, 80 ಕಿ.ಮೀ.ಯ ಝಡ್‌ಆರ್ ಬೇಕೇ ಎಂದು ಕೇಳಿದ್ದೆ. ಝಡ್‌ಆರ್ ಬೇಕೇ ಬೇಕು. 1550 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ ಕಿ.ಮೀ.ಗೆ 0.22 ಡಿಬಿ (ಡೆಸಿಬೆಲ್) ನಷ್ಟದಂತೆ 13.6, 30 ಸ್ಪ್ಲೈಸ್‌ಗೆ (ಫೈಬರ್ ಬೆಸೆದ ಜಾಗ) 3, ನಾಲ್ಕು ಕನೆಕ್ಟರ್‌ಗೆ 2. ಒಟ್ಟು ನಷ್ಟ 18.6 ಡಿಬಿ. ಇಆರ್‌ನ ಬಜೆಟ್, ಅಂದರೆ ಅದು ತಡೆಯಬಲ್ಲ ನಷ್ಟ, 11ರ ಆಸುಪಾಸು, ಝಡ್‌ಆರ್‌ನದು 24.

ಹಾಕಿದಾಗ ಲಿಂಕ್ ಅಪ್ ಆಯಿತು, ಆದರೆ ಸಿಆರ್‌ಸಿ ಎರರ್ (ಕೆಟ್ಟು ಬಂದ ಡೇಟಾದ ಲೆಕ್ಕ) ಏರುತ್ತಲೇ ಇತ್ತು. ಟಿಎಕ್ಸ್ (ಕಳಿಸುವ ಬೆಳಕಿನ ಶಕ್ತಿ) +1.5 ಡಿಬಿಎಂ ಇರುವಾಗ ಆರ್‌ಎಕ್ಸ್ (ಆಚೆ ತುದಿಗೆ ತಲುಪುವುದು) ಸುಮಾರು −17 ಇರಬೇಕು; ತೋರಿಸಿದ್ದು −22. ಇಂಥಾಗ ಫೈಬರ್‌ನ ಯಾವ ಜಾಗದಲ್ಲಿ ನಷ್ಟ ಇದೆ ಎಂದು ತೋರಿಸುವ ಒಟಿಡಿಆರ್ ಅನ್ನು 1310, 1550 ನ್ಯಾನೊಮೀಟರ್ ಎರಡರಲ್ಲೂ ಓಡಿಸಿ ನೋಡಬೇಕು. ಒಂದೇ ಜಾಗದಲ್ಲಿ 1310ಕ್ಕಿಂತ 1550ರ ನಷ್ಟ ಬಹಳ ಹೆಚ್ಚಿದ್ದರೆ ಅದು ಕೆಟ್ಟ ಸ್ಪ್ಲೈಸ್ ಅಲ್ಲ, ಫೈಬರ್ ಬಾಗಿದೆ ಎಂದೇ ಅರ್ಥ. ಇಲ್ಲಿ ಜಾಯಿಂಟ್ ಕ್ಲೋಷರ್‌ನ (ಸ್ಪ್ಲೈಸ್ ಇಡುವ ಡಬ್ಬಿ) ಟ್ರೇಯಲ್ಲಿ ಫೈಬರನ್ನು ತೀರಾ ಬಿಗಿಯಾಗಿ ಸುತ್ತಿದ್ದರು. 30 ಮಿ.ಮೀ. ತ್ರಿಜ್ಯಕ್ಕೆ ಸಡಿಲಿಸಿದ ಮೇಲೆ −17.4ಕ್ಕೆ ಬಂತು, ಎರರ್ ನಿಂತಿತು.

ಝಡ್‌ಆರ್ ಅನ್ನು ಮೇಜಿನ ಮೇಲೆ ಗಿಡ್ಡ ಪ್ಯಾಚ್ ಕಾರ್ಡ್ ಹಾಕಿ ಟೆಸ್ಟ್ ಮಾಡುವವರು ದಯವಿಟ್ಟು ನಡುವೆ ಬೆಳಕು ತಗ್ಗಿಸುವ 15 ಡಿಬಿ ಅಟೆನ್ಯುಯೇಟರ್ ಇಡಿ. ರಿಸೀವರ್ ಸರಿಯಾಗಿ ಕೆಲಸ ಮಾಡುವುದು −7 ಡಿಬಿಎಂವರೆಗೆ ಮಾತ್ರ. ಅದಕ್ಕಿಂತ ತುಂಬಾ ಹೆಚ್ಚು ಬೆಳಕು ಬಿದ್ದರೆ ಅದರೊಳಗೆ ಬೆಳಕು ಹಿಡಿಯುವ ಎಪಿಡಿ ಸುಟ್ಟೀತು. ಸ್ವಿಚ್ ಪೋರ್ಟ್ ಮಾಡ್ಯೂಲ್‌ಗೆ ಬೇಕಾದ 1.5 ವ್ಯಾಟ್ ಕೊಡುತ್ತದೆಯೇ ಎಂಬುದನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಿ.