ಮೈಸೂರಿನಲ್ಲಿ ಎರಡು ದಿನ, ಟಿಕೆಟ್ ಇಲ್ಲದೆ ಮಕ್ಕಳಿಗೆ ಏನೇನು ತೋರಿಸಬಹುದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ, ಭಾನುವಾರ ಗದಗದಿಂದ ಮೈಸೂರಿಗೆ ಬರುತ್ತಿದ್ದೇವೆ. ನಾವಿಬ್ಬರು, 9 ಮತ್ತು 5 ವರ್ಷದ ಮಕ್ಕಳು, ಜೊತೆಗೆ ಮೊಣಕಾಲು ನೋವಿರುವ ನಮ್ಮವ್ವ. ರೈಲು, ರೂಮಿಗೇ ಕೈಯಲ್ಲಿರುವ ದುಡ್ಡು ಬಹುತೇಕ ಮುಗಿಯುತ್ತದೆ. ಝೂ ಟಿಕೆಟ್ ಮಾತ್ರ ತಪ್ಪಿಸುವಂತಿಲ್ಲ, ಜಿರಾಫೆ ತೋರಿಸುತ್ತೇನೆಂದು ಚಿಕ್ಕವನಿಗೆ ಮಾತು ಕೊಟ್ಟಾಗಿದೆ. ಉಳಿದದ್ದೆಲ್ಲ ಪುಕ್ಕಟೆ ನೋಡುವಂಥದ್ದೇ ಆಗಬೇಕು.

ಭಾನುವಾರ ಸಂಜೆ ಅರಮನೆಯ ದೀಪಾಲಂಕಾರ ಅಂತೂ ಖಚಿತ. ಮನೆಯ ಕ್ಯಾಲೆಂಡರಿನಲ್ಲಿ ಅದರ ಚಿತ್ರವಿದೆ. ಮಗಳು ಬೆರಳಿಟ್ಟು ಒಂದೊಂದೇ ಬಲ್ಬ್ ಎಣಿಸುತ್ತಾಳೆ, ನಲವತ್ತು ದಾಟುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ ಶುರು. ಅಲ್ಲಿರುವುದು ಸುಮಾರು 97 ಸಾವಿರ ಬಲ್ಬು! ಅಷ್ಟೂ ಒಮ್ಮೆಲೇ ಹೊತ್ತಿಕೊಳ್ಳುವುದನ್ನು ಅವಳು ಕಣ್ಣಾರೆ ನೋಡಬೇಕೆಂಬುದೇ ನನ್ನ ಆಸೆ. ಯಾವ ಬಾಗಿಲಿನಿಂದ ಹೋದರೆ ಅವ್ವನಿಗೆ ನಡಿಗೆ ಕಡಿಮೆ? ಕೂರಲು ಜಾಗ ಸಿಗಬೇಕೆಂದರೆ ಎಷ್ಟು ಗಂಟೆಗೆ ಬರಬೇಕು?

ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ಸಿನಲ್ಲೇ ಹೋಗುತ್ತೇವೆ. ಸಾವಿರ ಮೆಟ್ಟಿಲು ಅವ್ವನಿಗೆ ಆಗದ ಮಾತು, ಆದರೆ ದೊಡ್ಡ ನಂದಿಯನ್ನು ನೋಡಲೇಬೇಕು ಅನ್ನುತ್ತಾರೆ. ಮೇಲಿನಿಂದ ಅಲ್ಲಿಗೆ ಆಟೋ ಸಿಗುತ್ತದೆಯೇ?

ಸೇಂಟ್ ಫಿಲೋಮಿನಾ ಚರ್ಚ್, ದೇವರಾಜ ಮಾರುಕಟ್ಟೆ ಪಟ್ಟಿಯಲ್ಲಿವೆ. ಕುಕ್ಕರಹಳ್ಳಿ ಕೆರೆಗೆ ಐದು ವರ್ಷದವನನ್ನು ಕರೆದೊಯ್ಯಲು ಬೆಳಿಗ್ಗೆ ಒಳ್ಳೆಯದೋ, ಸಂಜೆಯೋ? ಮಕ್ಕಳು ಓಡಾಡಿ ಆಡುವಂಥ, ಶೌಚಾಲಯ ಚೊಕ್ಕವಾಗಿರುವ ಪಾರ್ಕ್ ಹತ್ತಿರದಲ್ಲಿದ್ದರೆ ದಯವಿಟ್ಟು ತಿಳಿಸಿ. ಮೈಸೂರಿನವರು ಹೇಳಿದ ಹಾಗೇ ಹೋಗುತ್ತೇವೆ.