ಪಿತ್ತಕೋಶ ತೆಗೆಸಿದ ಮೇಲೂ ಎದೆಯುರಿ: ಮಾತ್ರೆ ಮುಂದುವರಿಸಲೇ, ಬಿಡಲೇ?

ಹೊಸಬ: ಪಿತ್ತಕೋಶ ತೆಗೆಸಿ ಏಳು ವಾರವಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ನುಂಗುತ್ತಿದ್ದೇನೆ. ಉರಿ ಅರ್ಧ ಇಳಿದಿದೆ, ಆದರೆ ನಸುಕಿನಲ್ಲಿ ಬಾಯಿಗೆ ಕಹಿ ಬರುತ್ತದೆ, ನಾಲ್ಕು ತುತ್ತಿಗೇ ಹೊಟ್ಟೆ ಉಬ್ಬುತ್ತದೆ. ವೈದ್ಯರ ಭೇಟಿಗೆ ಇನ್ನೂ ಹದಿನೈದು ದಿನವಿದೆ. ಅನುಭವವಿದ್ದವರು ಹೇಳಿ.

ಹುಳಿತೇಗು: ನಾನು ಮಾತ್ರೆ ಬಿಟ್ಟು ಗೆದ್ದವನು. ಆದರೆ ಮೊದಲ ಸಲ ಸೋತೆ. ಎಂಟು ತಿಂಗಳು ಎಸೊಮೆಪ್ರಜೋಲ್ (ನಿಮ್ಮ ಮಾತ್ರೆಯ ಜಾತಿಯದೇ) ನುಂಗಿ, ಒಂದು ದಿನ ಸಾಕೆಂದು ಕಪಾಟಿಗೆ ಹಾಕಿದೆ. ಮೂರನೆಯ ರಾತ್ರಿ ಶುರುವಾಯಿತು ನೋಡಿ, ಹನ್ನೊಂದು ರಾತ್ರಿ ಕುರ್ಚಿಯಲ್ಲೇ ಕೂತು ಬೆಳಗು ಮಾಡಿದೆ. ರೋಗ ಮರಳಿತು ಎಂದುಕೊಂಡೆ. ಅಲ್ಲ, ತಿಂಗಳುಗಟ್ಟಲೆ ಅದುಮಿಟ್ಟ ಆಮ್ಲ ಬಿಟ್ಟೊಡನೆ ಉಕ್ಕುತ್ತದಂತೆ. ಎಂಟು ವಾರ ಈ ಮಾತ್ರೆ ಕೊಟ್ಟು ನಿಲ್ಲಿಸಿದಾಗ ಆರೋಗ್ಯವಂತರಿಗೂ ಎದೆಯುರಿ ಬಂದದ್ದು 2009ರ ಅಧ್ಯಯನವೊಂದರಲ್ಲಿದೆ. ನನಗೆ ಯಾರೂ ಹೇಳಿರಲಿಲ್ಲ! ಎರಡನೆಯ ಸಲ 40ರಿಂದ 20ಕ್ಕೆ ಇಳಿಸಿ ನಾಲ್ಕು ವಾರ, ದಿನ ಬಿಟ್ಟು ದಿನ ಇನ್ನು ನಾಲ್ಕು ವಾರ, ಬಿಟ್ಟ ದಿನದ ರಾತ್ರಿ ಫ್ಯಾಮೊಟಿಡಿನ್ ಎಂಬ ಬೇರೆ ಬಗೆಯ ಆಮ್ಲದ ಮಾತ್ರೆ. ಅರವತ್ತಮೂರು ದಿನಗಳ ದಿನಚರಿ ಬರೆದಿಟ್ಟಿದ್ದೇನೆ.

ಎಡಮಗ್ಗುಲು: ಬಿಟ್ಟು ಗೆದ್ದೆ ಎನ್ನುವವರನ್ನು ಕಂಡರೆ ನನಗೆ ಎದೆಯಲ್ಲ, ಮೈಯೆಲ್ಲ ಉರಿಯುತ್ತದೆ. ತೂಕ ಇಳಿಸಲು ಜಠರವನ್ನು ಕತ್ತರಿಸಿ ಕೊಳವೆಯಂತೆ ಮಾಡಿಸಿಕೊಂಡವಳು ನಾನು. ಮೂವತ್ತೊಂದು ಕಿಲೋ ಇಳಿಯಿತು, ಜೊತೆಗೆ ಉರಿ ಏರಿತು. ನಿಮ್ಮಂಥವರೊಬ್ಬರ ಮಾತು ಕೇಳಿ ಮಾತ್ರೆ ಬಿಟ್ಟೆ. ಐದು ತಿಂಗಳಿಗೆ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದಲ್ಲಿ ಎರಡು ಹುಣ್ಣು. ಈಗ ದಿನಕ್ಕೆರಡು ಸಲ, ವರ್ಷಕ್ಕೊಮ್ಮೆ ಬಿ12 ಮತ್ತು ಮೆಗ್ನೀಸಿಯಂ ಪರೀಕ್ಷೆ. ಮಾತ್ರೆ ನುಂಗುವುದು ಸೋಲೇ?

ಹುಳಿತೇಗು: ಸೋಲು ಎಂದು ನಾನು ಎಲ್ಲಿ ಬರೆದೆ? ಎಂಟು ವಾರ ಇಳಿಸಿದೆ ಎಂದದ್ದನ್ನು ಓದದೇ ಜಗಳಕ್ಕೆ ಬಂದಿದ್ದೀರಿ. ಅಂದಹಾಗೆ ಮಾತ್ರೆಯನ್ನು ಊಟದ ಜೊತೆಗೆ ನುಂಗುತ್ತಿದ್ದಿರೇನೋ, ಹಾಗಿದ್ದರೆ ಅಷ್ಟು ಚೆನ್ನಾಗಿ ಕೆಲಸ ಮಾಡದಿರಬಹುದು.

ಎಡಮಗ್ಗುಲು: ಬರಿಹೊಟ್ಟೆಯಲ್ಲಿ, ಊಟಕ್ಕೆ ನಲವತ್ತು ನಿಮಿಷ ಮೊದಲು, ಅಲಾರಂ ಇಟ್ಟು. ಪಾಠ ಬೇಡ.

ಅರ್ಧಜಠರ: ಕೇಳಿದವರು ಕಹಿ ಎಂದಿದ್ದಾರೆ, ಹುಳಿ ಎಂದಿಲ್ಲ. ಇಬ್ಬರೂ ಗಮನಿಸಿಲ್ಲ. ನನ್ನ ಜಠರದ ಕೆಳಭಾಗವನ್ನು ತೆಗೆದಾಗ ಅಲ್ಲಿನ ಬಾಗಿಲೂ ಹೋಯಿತು, ಪಿತ್ತರಸ ಸಲೀಸಾಗಿ ಮೇಲೇರತೊಡಗಿತು. ಪ್ಯಾಂಟೊಪ್ರಜೋಲ್ ದುಪ್ಪಟ್ಟು ಮಾಡಿ ಮೂರು ತಿಂಗಳು ಕಳೆದರು. ಆ ಮಾತ್ರೆ ಆಮ್ಲವನ್ನು ತಡೆಯುತ್ತದೆ, ಪಿತ್ತರಸವನ್ನಲ್ಲ! ಆಮೇಲೆ ಒಳಗೋಡೆಗೆ ಲೇಪವಾಗುವ ಸುಕ್ರಾಲ್ಫೇಟ್, ಕೊನೆಗೆ ಪಿತ್ತರಸವನ್ನು ಹಿಡಿದಿಟ್ಟುಕೊಳ್ಳುವ ಕೊಲೆಸ್ಟೈರಮಿನ್ ಪುಡಿ. ನೀರಿನಲ್ಲಿ ಕಲಸಿದರೆ ಮರಳು ಕುಡಿದಂತೆ. ಅದು ಉಳಿದ ಔಷಧಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಬೇರೆ ಮಾತ್ರೆಗಳನ್ನು ಒಂದು ಗಂಟೆ ಮೊದಲೋ ನಾಲ್ಕರಿಂದ ಆರು ಗಂಟೆ ನಂತರವೋ ನುಂಗಬೇಕು. ಇದು ಗೊತ್ತಿಲ್ಲದೆ ಎರಡು ತಿಂಗಳು ಥೈರಾಯ್ಡ್ ಮಾತ್ರೆಯನ್ನು ಜೊತೆಗೇ ನುಂಗಿ, ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ತೋರಿಸುವ ಟಿಎಸ್‌ಎಚ್ 14ಕ್ಕೆ ಏರಿತು. ಈಗ ಗೋಡೆಗೊಂದು ವೇಳಾಪಟ್ಟಿ, ಮೊಬೈಲಿನಲ್ಲಿ ಐದು ಅಲಾರಂ. ಉಬ್ಬರಕ್ಕೆಂದು ಡೊಂಪೆರಿಡೋನ್ ಅನ್ನು ಏಳು ತಿಂಗಳು ತಿನ್ನಿಸಿದ್ದರು. ಹೃದಯದ ಬಡಿತ ತಪ್ಪಬಹುದೆಂದು, ಸಾಮಾನ್ಯವಾಗಿ ಒಂದು ವಾರ ಮೀರಬಾರದೆಂದು ಯುರೋಪಿನ ಔಷಧ ಸಂಸ್ಥೆ 2014ರಲ್ಲೇ ಹೇಳಿತ್ತು. ಹೊಸಬರೇ, ಕಣ್ಣು ಹಳದಿಯಾದರೆ, ಜ್ವರ ಬಂದರೆ, ಮಲ ಕಪ್ಪಾದರೆ ಹದಿನೈದು ದಿನ ಕಾಯಬೇಡಿ.

ತೇಗಿಲ್ಲದವ: ಮಾತ್ರೆಯ ಜಂಜಾಟವೇ ಬೇಡವೆಂದು ನಾನು ಜಠರದ ಮೇಲ್ತುದಿಯನ್ನು ಅನ್ನನಾಳಕ್ಕೆ ಸುತ್ತಿಸಿಕೊಂಡೆ, 1956ರಲ್ಲಿ ನಿಸೆನ್ ಎಂಬ ಶಸ್ತ್ರವೈದ್ಯ ಪ್ರಕಟಿಸಿದ ವಿಧಾನ. ಉರಿ ಹೋಯಿತು. ತೇಗೂ ಹೋಯಿತು. ಆರು ವರ್ಷಗಳಿಂದ ಒಂದು ತೇಗು ಬಂದಿಲ್ಲ, ಮೇಲೆ ಬಾರದ ಗಾಳಿ ಎಲ್ಲಿಂದ ಹೋಗುತ್ತದೆ ಎಂದು ಕೇಳಬೇಡಿ. ಮೂರು ವಾರ ಬರೀ ದ್ರವಾಹಾರ, ನುಂಗುವುದು ಸರಾಗವಾಗಲು ನಾಲ್ಕು ತಿಂಗಳು. ಕಳೆದ ವರ್ಷದಿಂದ ಮತ್ತೆ ಸಣ್ಣ ಮಾತ್ರೆ ಸೇರಿಕೊಂಡಿದೆ. ಆದರೂ ಪಶ್ಚಾತ್ತಾಪವಿಲ್ಲ.

ಹುಳಿತೇಗು: ಕೊಯ್ಯಿಸಿಕೊಂಡೂ ಮಾತ್ರೆಯೇ? ಅಲ್ಲಿಗೆ ಲೆಕ್ಕ ಚುಕ್ತಾ.

ತೇಗಿಲ್ಲದವ: ನಾನು ಕುರ್ಚಿಯಲ್ಲಿ ನಿದ್ದೆ ಮಾಡುತ್ತಿಲ್ಲವಲ್ಲ. ಮೂರು ದಿಂಬು ಸಾಕು ನನಗೆ.

ಎಡಮಗ್ಗುಲು: ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆ ಒತ್ತುತ್ತದೆ. ಮಂಚದ ತಲೆಯ ಕಡೆಯ ಕಾಲುಗಳನ್ನೇ 15ರಿಂದ 20 ಸೆಂಟಿಮೀಟರ್ ಎತ್ತರಿಸಬೇಕು, ಎಡಕ್ಕೆ ತಿರುಗಿ ಮಲಗಬೇಕು.

ಹುಳಿತೇಗು: ಎತ್ತರಿಸಿದ್ದೆ. ರಾತ್ರಿಯಿಡೀ ಜಾರಿ, ಬೆಳಗಾಗುವಾಗ ಕಾಲು ಮಂಚದಾಚೆ. ಮೂರನೆಯ ದಿನಕ್ಕೆ ಹೆಂಡತಿ ನೆಲಕ್ಕೆ ಹಾಸಿಕೊಂಡಳು.

ಎಡಮಗ್ಗುಲು: ಎಷ್ಟು ಎತ್ತರಿಸಿದ್ದಿರಿ?

ಹುಳಿತೇಗು: 30.

ಎಡಮಗ್ಗುಲು: ಅದು ಮಂಚವಲ್ಲ, ಜಾರುಬಂಡೆ.

ಹೊಸಬ: ಅರ್ಧಜಠರ ಅವರೇ, ಆ ಪುಡಿಯ ಹೆಸರನ್ನು ಬರೆದುಕೊಂಡೆ, ಭೇಟಿಯಲ್ಲಿ ಕೇಳುತ್ತೇನೆ. ಅಲ್ಲಿಯವರೆಗೆ ಬೆಳಗಿನ ಮಾತ್ರೆ ನಿಲ್ಲಿಸುವುದಿಲ್ಲ.

ತೇಗಿಲ್ಲದವ: ಮೂರು ದಿಂಬಿನ ಮಾತಿಗೆ ನಾನು ಈಗಲೂ ಬದ್ಧ.