ಹಳೆಯ ಕ್ಯಾಂಪರ್ ಟ್ರೇಲರ್: ಇದ್ದ ವೈರಿಂಗನ್ನೇ ಉಳಿಸಿಕೊಳ್ಳುವುದೋ, ಕಿತ್ತು ಹೊಸದು ಎಳೆಯುವುದೋ?

ಹೊಸಚಕ್ರ (ಪ್ರಶ್ನೆ):
ನಾಲ್ಕೂವರೆ ಮೀಟರ್ ಉದ್ದದ, ಮೂವತ್ತು ವರ್ಷಕ್ಕೂ ಹಳೆಯದಾದ ಒಂದು ಕ್ಯಾಂಪರ್ ಟ್ರೇಲರನ್ನು ಕೊಂಡಿದ್ದೇನೆ. ಹಿಂಬದಿಯ ಬಲಮೂಲೆಯಲ್ಲಿ ಒಳಗೋಡೆಯ ಪ್ಲೈವುಡ್ ಅಂಗೈಯಗಲ ಮೆತ್ತಗಾಗಿದೆ. ಒಳಗಿನ ಐದು ದೀಪಗಳಲ್ಲಿ ಎರಡು ಉರಿಯುವುದಿಲ್ಲ. ಬ್ರೇಕ್ ಒತ್ತಿದರೆ ಹಿಂದಿನ ದೀಪಗಳೆಲ್ಲ ಒಟ್ಟಿಗೆ ಮಂದವಾಗಿ ಮಿನುಗುತ್ತವೆ. ನನಗೆ ಬೇಕಾದದ್ದು ಐದು ಎಲ್‌ಇಡಿ ದೀಪ, ಒಂದು ಫ್ಯಾನು, ಫೋನ್ ಚಾರ್ಜ್ ಮಾಡಲು ಒಂದು ಪಾಯಿಂಟು, ಇಷ್ಟೇ. ಹೊರಗೆ ತಂಗುವುದು ಒಮ್ಮೆಗೆ ಎರಡು ರಾತ್ರಿ. ಫ್ರಿಜ್ ಬೇಡ, ಇನ್ವರ್ಟರ್ ಬೇಡ. ಹಳೆಯ ವೈರಿಂಗನ್ನೇ ಸರಿಪಡಿಸಿ ಬಳಸಬಹುದೇ, ಅಥವಾ ಎಲ್ಲವನ್ನೂ ಕಿತ್ತು ಹೊಸದು ಎಳೆಯಬೇಕೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಸೋರುಚಾವಣಿ:
ವೈರಿಂಗಿನ ಮಾತು ಆಮೇಲಿರಲಿ. ನಾನೂ ಒಂದು ಕಾಲಕ್ಕೆ ನನ್ನ ಗಾಡಿಯ ಮೆತ್ತನೆಯ ಜಾಗವನ್ನು ಅಂಗೈಯಗಲ ಎಂದೇ ಹೇಳುತ್ತಿದ್ದೆ. ಒಳಗಿನ ಹಾಳೆಯನ್ನು ಬಿಚ್ಚಿ ನೋಡಿದರೆ ಮೂಲೆಯ ಕಂಬ ಬುಡದಿಂದ ತಲೆಯವರೆಗೆ ಲಡ್ಡು ಹಿಡಿದಿತ್ತು, ಅಡ್ಡಪಟ್ಟಿಗಳಲ್ಲಿ ಮೂರು ಬೆರಳಿಗೆ ಪುಡಿಯಾಗಿ ಬಂದವು, ನೆಲದ ಪ್ಲೈವುಡ್ಡಿನ ಮೇಲೆ ಮೊಣಕಾಲೂರಿದಾಗ ಅದು ಕುಸಿದು ಚಾಸಿಯ ಕಬ್ಬಿಣವೇ ಕಾಣಿಸಿತು. ನೀರು ಬಂದದ್ದು ಆ ಮೂಲೆಯಿಂದ ಅಲ್ಲವೇ ಅಲ್ಲ. ಒಂದೂವರೆ ಮೀಟರ್ ಆಚೆ ಚಾವಣಿಯಲ್ಲಿದ್ದ ಗಾಳಿಕಿಂಡಿಯ ಸುತ್ತಿನಿಂದ ಇಳಿದು, ಅಡ್ಡತೊಲೆಯ ಮೇಲೆ ಹರಿದು, ಮೂಲೆಗೆ ಬಂದು ನಿಂತಿತ್ತು. ಹಿಂದಿನ ಮಾಲೀಕರು ಕಂಡಕಂಡಲ್ಲಿ ಸಿಲಿಕೋನ್ ಮೆತ್ತಿದ್ದರು. ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನೇ ನೆಟ್ಟಗೆ ಹಿಡಿಯುವುದಿಲ್ಲ, ಬೇರೆ ಸೀಲಂಟಿನ ಮಾತಂತೂ ದೂರವೇ ಉಳಿಯಿತು ಎಂಬುದನ್ನು ತಿಳಿಯದೆ ನಾನೂ ಅದರ ಮೇಲೆಯೇ ಇನ್ನೂ ಹನ್ನೊಂದು ಟ್ಯೂಬು ಮೆತ್ತಿ, ಒಳಗೋಡೆ ಮುಚ್ಚಿ, ಬಣ್ಣ ಬಳಿದು, ಮೊದಲ ಮಳೆ ಬಂದ ಮಾರನೆಯ ದಿನ ಎಲ್ಲವನ್ನೂ ಮತ್ತೆ ಬಿಚ್ಚಿದೆ.

ಎರಡನೆಯ ಸಲ ಅಂಚುಪಟ್ಟಿಗಳನ್ನೆಲ್ಲ ಕಳಚಿದೆ. ಒಟ್ಟು 214 ಸ್ಕ್ರೂಗಳು. ಅವುಗಳಲ್ಲಿ 63ರ ತಲೆ ಮುರಿದು ಕೊರೆದೇ ತೆಗೆಯಬೇಕಾಯಿತು. ಸಿಲಿಕೋನ್ ಕೆರೆಯುವುದಕ್ಕೇ 38 ಗಂಟೆ ಹಿಡಿಯಿತು. ಆಮೇಲೆ ಬ್ಯೂಟೈಲ್ ಟೇಪು (ಮೆತ್ತನೆಯ ರಬ್ಬರಿನ ಅಂಟುಪಟ್ಟಿ) ಹಾಕಿ ಪಟ್ಟಿಗಳನ್ನು ಕೂರಿಸಿದೆ. ಮರದ ತೇವಾಂಶ ಶೇ. 20ಕ್ಕಿಂತ ಸಾಕಷ್ಟು ಕೆಳಗೆ ಇಳಿಯದೆ ಗೋಡೆಯನ್ನು ಮುಚ್ಚಬಾರದು. ನನ್ನ ಗಾಡಿಯಲ್ಲಿ ಅದು ಶೇ. 31ರಿಂದ ಶೇ. 15ಕ್ಕೆ ಬರಲು ಐದು ವಾರ ಬೇಕಾಯಿತು. ಮರ, ಸೀಲಂಟ್, ಸ್ಕ್ರೂ ಎಲ್ಲ ಸೇರಿ ಗಾಡಿಯನ್ನು ಕೊಂಡ ಬೆಲೆಯ ಒಂದೂಕಾಲು ಪಟ್ಟು ಹೋಯಿತು. ಇದರಲ್ಲಿ ಒಂದು ಅಡಿ ವೈರೂ ಸೇರಿಲ್ಲ.

ಹನ್ನೆರಡು ವೋಲ್ಟ್:
ಎಲ್ಲವನ್ನೂ ಕಿತ್ತು ಹಾಕಿ. ಹಳೆಯದನ್ನು ಉಳಿಸಲು ಹೋಗಿ ನಾನು ಒಂದು ಇಡೀ ಬೇಸಿಗೆಯನ್ನು ಕಳೆದುಕೊಂಡಿದ್ದೇನೆ. ನನ್ನ ಕಂಪ್ರೆಸರ್ ಫ್ರಿಜ್ ಬ್ಯಾಟರಿಯಿಂದ ಆರು ಮೀಟರ್ ದೂರದಲ್ಲಿತ್ತು. ಹೋಗಿ ಬರುವ ದಾರಿ ಲೆಕ್ಕ ಹಾಕಿದರೆ ಹನ್ನೆರಡು ಮೀಟರ್. ಹಳೆಯ 1.5 ಚದರ ಮಿ.ಮೀ. ವೈರಿನಲ್ಲಿ 10 ಆಂಪಿಯರ್ ಹರಿದಾಗ ದಾರಿಯಲ್ಲೇ 1.4 ವೋಲ್ಟಿನಷ್ಟು ಕಳೆದುಹೋಗುತ್ತದೆ. ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ವೋಲ್ಟೇಜ್ ಇನ್ನೂ ಬಿದ್ದು, ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿರುವಾಗಲೇ ಫ್ರಿಜ್ ತಾನಾಗಿ ನಿಂತುಬಿಡುತ್ತಿತ್ತು. ಬ್ಯಾಟರಿ ಕೆಟ್ಟಿದೆ ಎಂದುಕೊಂಡು ಹೊಸ ಬ್ಯಾಟರಿ ತಂದೆ. ಫ್ರಿಜ್ಜಿನ ನಿಯಂತ್ರಕ ಕೆಟ್ಟಿದೆ ಎಂದುಕೊಂಡು ಅದನ್ನೂ ಬದಲಾಯಿಸಿದೆ. ಎರಡೂ ದಂಡವಾದವು. ಕೊನೆಗೆ 6 ಚದರ ಮಿ.ಮೀ. ವೈರು ಎಳೆದಾಗ ನಷ್ಟ 0.35 ವೋಲ್ಟಿಗೆ ಇಳಿಯಿತು.

ಆದರೆ ಆ 6 ಚದರದ ಕಥೆಯೂ ಒಂದೇ ಸಲಕ್ಕೆ ಮುಗಿಯಲಿಲ್ಲ. ಮೊದಲು ತಂದ 40 ಮೀಟರ್ ಸುರುಳಿ ನೋಡಲು ತಾಮ್ರ, ಎತ್ತಿದರೆ ಹಗುರ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗಿತ್ತು: ಅಲ್ಯೂಮಿನಿಯಂಗೆ ತಾಮ್ರದ ಲೇಪ. ಅದರ ವಾಹಕತೆ ತಾಮ್ರದ ಮೂರನೇ ಎರಡಕ್ಕಿಂತ ಹೆಚ್ಚಿರುವುದಿಲ್ಲ. ಅಷ್ಟು ಹೊತ್ತಿಗೆ 22 ಮೀಟರನ್ನು ಗೋಡೆಯೊಳಗೆ ಎಳೆದು ಮುಗಿಸಿದ್ದೆ. ಕತ್ತರಿಸಿದ ಸುರುಳಿಯನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಈಗ ನನ್ನ ಗಾಡಿಯಲ್ಲಿರುವುದು ತವರ ಲೇಪಿಸಿದ ಬಹು ಎಳೆಯ ತಾಮ್ರ, ಒಟ್ಟು 64 ಮೀಟರ್, ಪ್ರತಿ ತುದಿಗೂ ಕ್ರಿಂಪ್ ಮಾಡಿದ (ಅಂದರೆ ಟೂಲಿನಿಂದ ಒತ್ತಿ ಕೂರಿಸಿದ) ಥಿಂಬಲ್ ಎಂಬ ಲೋಹದ ತುದಿ, ಎಲ್ಲಿಯೂ ಬೆಸುಗೆ ಇಲ್ಲ. ವಾಹನದಲ್ಲಿ ಬೆಸುಗೆ ಹಾಕುವವರಿಗೆ ಕೈಮುಗಿಯುತ್ತೇನೆ.

ಬೆಸುಗೆಕೋಲು:
ಆ ಕೈಮುಗಿತ ನನಗೇ ಇರಬೇಕು, ಸ್ವೀಕರಿಸಿದ್ದೇನೆ. ನನ್ನ ಟ್ರೇಲರಿನಲ್ಲಿ ಹಳೆಯ ವೈರಿಂಗ್ ಮುಕ್ಕಾಲು ಪಾಲು ಹಾಗೆಯೇ ಇದೆ ಮತ್ತು ಒಂಬತ್ತು ವರ್ಷದಿಂದ ಓಡುತ್ತಿದೆ. ನಾನು ಮಾಡಿದ್ದು ಇಷ್ಟೇ: ಪ್ರತಿ ಸಾಲನ್ನೂ ಎರಡೂ ತುದಿಯಲ್ಲಿ ಬಿಚ್ಚಿ, ಮಲ್ಟಿಮೀಟರಿನಲ್ಲಿ ಅಳೆದು, ಚೀಟಿ ಅಂಟಿಸಿ, ಹಸಿರು ಕಿಲುಬು ಹಿಡಿದ ತುದಿಗಳನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, 27 ಕೂಡುವೆಗಳಿಗೆ ಬೆಸುಗೆ ಹಾಕಿ, ಒಳಗೆ ಅಂಟಿರುವ, ಬಿಸಿ ಮಾಡಿದರೆ ಬಿಗಿಯಾಗುವ ಕುಗ್ಗುಕೊಳವೆಯನ್ನು ತೊಡಿಸಿದ್ದು. ನಾಲ್ಕು ಭಾನುವಾರಗಳ ಕೆಲಸ. ಖರ್ಚು ಒಂದು ಟೈರಿನ ಬೆಲೆಯೂ ಆಗಲಿಲ್ಲ. ಬರೀ ಇಕ್ಕಳದಲ್ಲಿ ಅಮುಕಿದ್ದನ್ನೇ ಕ್ರಿಂಪ್ ಎಂದು ಕರೆಯುವವರ ಗಾಡಿಗಳನ್ನು ನಾನು ಸರಿಪಡಿಸಿಕೊಟ್ಟಿದ್ದೇನೆ. ಮೆಲ್ಲಗೆ ಎಳೆದರೆ ಸಾಕು, ಥಿಂಬಲ್ ಕೈಗೆ ಬರುತ್ತದೆ.

ಹನ್ನೆರಡು ವೋಲ್ಟ್:
ಇಕ್ಕಳದಲ್ಲಿ ಅಮುಕಿದ್ದೇನೆಂದು ನಾನು ಎಲ್ಲಿ ಹೇಳಿದೆ? ಪೂರ್ತಿ ಒತ್ತುವ ತನಕ ಬಾಯಿ ಬಿಡದ ಸರಿಯಾದ ಕ್ರಿಂಪಿಂಗ್ ಟೂಲ್ ನನ್ನಲ್ಲಿದೆ. ಬೆಸುಗೆ ಹಾಕುವಾಗ ಕರಗಿದ ತವರ ಎಳೆಗಳ ನಡುವೆ ಇಂಗಿ ಮೇಲೇರುತ್ತದೆ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ವೈರು ಗಡುಸಾಗಿ, ರಸ್ತೆಯ ಅದುರಿಗೆ ಅದೇ ಗೆರೆಯಲ್ಲಿ ಒಂದೊಂದೇ ಎಳೆ ತುಂಡಾಗುತ್ತದೆ. ವಾಹನ ಕಾರ್ಖಾನೆಗಳು ಕ್ರಿಂಪ್ ಮಾಡುವುದು ಸುಮ್ಮನೆ ಅಲ್ಲ.

ಬೆಸುಗೆಕೋಲು:
ಕಾರ್ಖಾನೆಯವರಿಗೆ ಒಂದು ಕೂಡುವೆಗೆ ಒಂದು ಸೆಕೆಂಡು ಸಿಗುತ್ತದೆ, ನನಗೆ ಭಾನುವಾರವಿಡೀ ಸಿಗುತ್ತದೆ. ಕೂಡುವೆಯ ಎರಡೂ ಬದಿಯಲ್ಲಿ ವೈರನ್ನು ಅಲುಗಾಡದಂತೆ ಕ್ಲಿಪ್ಪಿನಿಂದ ಹಿಡಿದಿಟ್ಟರೆ ಅದುರು ಆ ಗೆರೆಗೆ ತಲುಪುವುದೇ ಇಲ್ಲ. ಒಂಬತ್ತು ವರ್ಷ ಎಂದು ಬರೆದದ್ದನ್ನು ತಾವು ಓದಲಿಲ್ಲವೆಂದು ಕಾಣುತ್ತದೆ.

ಎರಡು ಬ್ಯಾಟರಿ:
ವೈರಿನ ತುದಿಯ ಬಗ್ಗೆ ಇಷ್ಟು ಜಗಳವಾಡುವವರು ಬ್ಯಾಟರಿಯ ಬಗ್ಗೆ ಒಂದು ಮಾತನ್ನೂ ಆಡಿಲ್ಲ. ನಾನು ಎರಡು ಲೆಡ್ ಆಸಿಡ್ ಬ್ಯಾಟರಿಗಳನ್ನು ಪದೇ ಪದೇ ಪೂರ್ತಿ ಬರಿದು ಮಾಡಿ ಎರಡೇ ವರ್ಷದಲ್ಲಿ ಕೊಂದೆ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಸುಮ್ಮನೆ ಇಟ್ಟಾಗ 12.2 ವೋಲ್ಟ್ ತೋರಿಸಿದರೆ ಅಲ್ಲಿಗೇ ನಿಲ್ಲಿಸಬೇಕು ಎಂದು ಆಗ ಗೊತ್ತಿರಲಿಲ್ಲ. ಬೇಸರದಿಂದ 200 ಆಂಪಿಯರ್ ಅವರ್ ಲಿಥಿಯಂ ತಂದು, ಎಳೆಯುವ ವಾಹನದ ಆಲ್ಟರ್ನೇಟರಿಗೆ (ಇಂಜಿನ್ನಿನಿಂದ ತಿರುಗಿ ಕರೆಂಟು ಕೊಡುವ ಯಂತ್ರಕ್ಕೆ) ನೇರವಾಗಿ ಜೋಡಿಸಿದೆ. ಲೆಡ್ ಆಸಿಡ್ ತುಂಬುತ್ತ ಬಂದಂತೆ ತಾನೇ ಕಡಿಮೆ ಕರೆಂಟು ತೆಗೆದುಕೊಳ್ಳುತ್ತದೆ. ಲಿಥಿಯಂ ಹೆಚ್ಚುಕಡಿಮೆ ಕೊನೆಯವರೆಗೂ ಕೊಟ್ಟಷ್ಟನ್ನೂ ನುಂಗುತ್ತದೆ. ಇಂಜಿನ್ ನಿಧಾನವಾಗಿ ತಿರುಗುತ್ತಿದ್ದಾಗ ಆಲ್ಟರ್ನೇಟರ್ ಕಾದು ಅದರ ಡಯೋಡುಗಳು ಸುಟ್ಟವು. ಆಲ್ಟರ್ನೇಟರ್, ವಾಹನವನ್ನು ಎಳೆದು ತಂದ ಬಾಡಿಗೆ, ಕರೆಂಟಿಗೆ ಮಿತಿ ಹಾಕಲು ಮೊದಲೇ ಕೊಳ್ಳಬೇಕಾಗಿದ್ದ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್, ಮೂರೂ ಸೇರಿ ಬ್ಯಾಟರಿಯ ಬೆಲೆಯನ್ನೇ ಮೀರಿದವು. ಅದೇ ಚಳಿಗಾಲದಲ್ಲಿ, ಶೂನ್ಯ ಡಿಗ್ರಿಗಿಂತ ಕೆಳಗೆ ಲಿಥಿಯಂ ಅನ್ನು ಚಾರ್ಜ್ ಮಾಡಬಾರದೆಂದು ಅದರ ರಕ್ಷಣಾ ಮಂಡಲ ಬೆಳಗಿನ ಹೊತ್ತು ಬಾಗಿಲು ಹಾಕಿಕೊಂಡಿತು. ಅದು ಸರಿಯೇ, ಸೆಲ್ಲುಗಳು ಉಳಿದವು. ಆದರೆ ಕಾರಣ ತಿಳಿಯದೆ ನಾನು ಚಾರ್ಜರನ್ನು ಎರಡು ಸಲ ಬಿಚ್ಚಿದ್ದೆ. ಇಷ್ಟಾದರೂ ಲೆಡ್ ಆಸಿಡ್‌ಗೆ ನಾನು ಹಿಂದಿರುಗುವುದಿಲ್ಲ.

ಮೂತಿಭಾರ:
ಎರಡು ಬ್ಯಾಟರಿಯವರು ಆ ಹಳೆಯ ಜೋಡಿಯನ್ನು ಎಲ್ಲಿ ಇಟ್ಟಿದ್ದರು ಎಂದು ಹೇಳಲಿಲ್ಲ. ನಾನು ತಲಾ 27 ಕೆ.ಜಿ.ಯ ಎರಡನ್ನು, ಜಾಗ ಇದೆಯೆಂದು, ಹಿಂಭಾಗದ ಮಂಚದ ಕೆಳಗೆ ಇಟ್ಟೆ. ಅದರ ಪಕ್ಕದಲ್ಲೇ 80 ಲೀಟರಿನ ನೀರಿನ ತೊಟ್ಟಿ. ಸುಮಾರು 900 ಕೆ.ಜಿ.ಯ ಗಾಡಿಯಲ್ಲಿ ಎಳೆಯುವ ವಾಹನಕ್ಕೆ ಸಿಕ್ಕಿಸುವ ಕೊಕ್ಕೆಯ ಮೇಲೆ ಶೇ. 10ರಿಂದ 15ರಷ್ಟು ಭಾರ ಕೂರಬೇಕು. ನನ್ನದರಲ್ಲಿ ಉಳಿದದ್ದು 40 ಕೆ.ಜಿ. ಇಳಿಜಾರಿನಲ್ಲಿ ಗಾಡಿ ಬಾಲ ಬೀಸತೊಡಗಿತು. ಸ್ಟೀರಿಂಗನ್ನು ನೇರವಾಗಿ ಹಿಡಿದು, ಬ್ರೇಕ್ ಮುಟ್ಟದೆ, ವೇಗವನ್ನು ತಾನಾಗಿ ಇಳಿಯಲು ಬಿಟ್ಟದ್ದರಿಂದ ಬದುಕಿದೆ. ಆಮೇಲೆ ಬ್ಯಾಟರಿಗಳನ್ನು ಆಕ್ಸಲ್ಲಿನ ಮುಂದಕ್ಕೆ ತರಲು ದಪ್ಪ ವೈರನ್ನು ಹೊಸದಾಗಿ ಎಳೆಯಬೇಕಾಯಿತು, ಗಾಳಿಯಾಡುವ ಪೆಟ್ಟಿಗೆಯನ್ನು ಮತ್ತೆ ಕಟ್ಟಬೇಕಾಯಿತು. ಮೊದಲು ತೂಕದ ನಕ್ಷೆ, ಆಮೇಲೆ ವೈರಿನ ನಕ್ಷೆ.

ಎರಡು ಬ್ಯಾಟರಿ:
ಎಲ್ಲಿಟ್ಟಿದ್ದೆ ಎಂದು ಕೇಳಿದಿರಿ: ಮುಂಭಾಗದಲ್ಲೇ, ಕೊಕ್ಕೆಯ ಚಾಚಿನ ಮೇಲೆಯೇ ಇಟ್ಟಿದ್ದೆ. ನೀರಿನ ತೊಟ್ಟಿಯನ್ನು ಹಿಂದೆ ಇಟ್ಟ ತಪ್ಪನ್ನು ನನ್ನ ಬ್ಯಾಟರಿಗಳ ಮೇಲೆ ಹೊರಿಸಬೇಡಿ.

ಹೊಸಚಕ್ರ:
ಎಲ್ಲರಿಗೂ ವಂದನೆಗಳು. ಆದರೆ ನನಗೆ ಫ್ರಿಜ್ ಇಲ್ಲ, ಲಿಥಿಯಂ ಇಲ್ಲ, ನೀರಿನ ತೊಟ್ಟಿಯೂ ಇಲ್ಲ. ಐದು ದೀಪ, ಒಂದು ಫ್ಯಾನು. ಬ್ರೇಕ್ ದೀಪದ ವಿಷಯವನ್ನು ಯಾರೂ ಹೇಳಲಿಲ್ಲ.

ಲೆಕ್ಕದ ಪುಸ್ತಕ:
ನಿಮ್ಮ ಲೆಕ್ಕವನ್ನು ಹಾಕಿದೆ. 3 ವ್ಯಾಟಿನ ಐದು ದೀಪಗಳು ಐದು ಗಂಟೆ ಉರಿದರೆ 75 ವ್ಯಾಟ್ ಅವರ್, 24 ವ್ಯಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ 192, ಎರಡು ಫೋನುಗಳಿಗೆ 30. ರಾತ್ರಿಗೆ ಸುಮಾರು 300, ಅಂದರೆ 25 ಆಂಪಿಯರ್ ಅವರ್. ಎರಡು ರಾತ್ರಿಗೆ 50. ಅರ್ಧವನ್ನೇ ಬಳಸುವ ಲೆಕ್ಕದಲ್ಲಿ 100 ಆಂಪಿಯರ್ ಅವರಿನ ಒಂದು ಲೆಡ್ ಆಸಿಡ್ ಸರಿಹೋಗುತ್ತದೆ. ನಾಲ್ಕು ಮೀಟರ್ ದೂರದ ಫ್ಯಾನಿಗೆ 2 ಆಂಪಿಯರ್ ಸಾಕಾದ್ದರಿಂದ 1.5 ಚದರ ಮಿ.ಮೀ.ನಲ್ಲಿ ನಷ್ಟ 0.2 ವೋಲ್ಟನ್ನೂ ಮುಟ್ಟುವುದಿಲ್ಲ. ಹಳೆಯ ವೈರಿನ ಹೊದಿಕೆ ಮಡಚಿದಾಗ ಬಿರುಕು ಬಿಡದಿದ್ದರೆ, ಇಲಿ ಕಡಿದಿರದಿದ್ದರೆ ಅದು ಸಾಲುತ್ತದೆ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್ ಇರಲಿ, ಪ್ರತಿ ಸಾಲಿಗೆ 10 ಆಂಪಿಯರಿನದೊಂದು ಇರಲಿ. ಫ್ಯೂಸ್ ಕಾಯುವುದು ವೈರನ್ನು, ದೀಪವನ್ನಲ್ಲ. ಇನ್ನು ಬ್ರೇಕ್ ದೀಪ: ಅದು ನೆಗೆಟಿವ್ ದಾರಿಯ ದೋಷ. ಚಾಸಿಗೆ ಕೂಡಿಸಿದ ಬೋಲ್ಟು ತುಕ್ಕು ಹಿಡಿದರೆ ಕರೆಂಟು ಹಿಂದಿರುಗಲು ಬೇರೆ ಬಲ್ಬುಗಳ ತಂತುವಿನ ಮೂಲಕ ದಾರಿ ಹುಡುಕುತ್ತದೆ, ಆಗ ಎಲ್ಲವೂ ಮಂದವಾಗಿ ಹೊಳೆಯುತ್ತವೆ.

ಹನ್ನೆರಡು ವೋಲ್ಟ್:
ಚಾಸಿಯನ್ನು ನೆಗೆಟಿವ್ ದಾರಿಯಾಗಿ ಬಳಸುವುದೇ ಮೊದಲ ತಪ್ಪು. ಮೂವತ್ತು ವರ್ಷದ ಕಬ್ಬಿಣವನ್ನು ನಂಬಿ ಕೂರುವ ಬದಲು ಪ್ರತಿ ದೀಪಕ್ಕೂ ಪ್ರತ್ಯೇಕ ನೆಗೆಟಿವ್ ವೈರು ಎಳೆಯಬೇಕು. ಒಂದು ಬೋಲ್ಟು ಉಜ್ಜಿ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಅದೇ ಕಥೆ.

ಬೆಸುಗೆಕೋಲು:
ನಿಮಗೆ ವೈರು ಕೊಳ್ಳುವ ಚಟ ಹತ್ತಿದೆ, ಸ್ವಾಮಿ.

ಹೊಸಚಕ್ರ:
ನಿನ್ನೆ ಕೆಳಗೆ ಮಲಗಿ ನೋಡಿದೆ. ಬೋಲ್ಟು ಇದ್ದ ಜಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯ ಗಡ್ಡೆಯೊಂದಿತ್ತು. ಉಜ್ಜಿ, ಹೊಸ ಥಿಂಬಲ್ ಹಾಕಿ ಬಿಗಿದ ಮೇಲೆ ಹಿಂದಿನ ದೀಪಗಳು ಸರಿಯಾದವು. ಜೊತೆಗೆ ಕೊಕ್ಕೆಯ ಪ್ಲಗ್ಗಿನಿಂದ ಹಿಂದಿನವರೆಗೆ ಒಂದು ಪ್ರತ್ಯೇಕ ನೆಗೆಟಿವ್ ವೈರನ್ನೂ ಎಳೆದಿದ್ದೇನೆ. ಒಳಗೆ ಉರಿಯದ ಎರಡು ದೀಪಗಳ ಸಾಲನ್ನು ಹಿಂಬಾಲಿಸಿ ಬಲಮೂಲೆಯ ಹಾಳೆಯನ್ನು ಬಿಚ್ಚಿದಾಗ, ಅಂಚುಪಟ್ಟಿಯ ಒಂದು ಉದ್ದ ಸ್ಕ್ರೂ ವೈರಿನ ನಡುವೆಯೇ ಹಾದುಹೋಗಿತ್ತು. ಅದೇ ಸ್ಕ್ರೂವಿನ ಗುಂಟ ನೀರೂ ಇಳಿದಿದೆ. ಮರ ಅಂಗೈಯಗಲವಲ್ಲ, ಮೊಳದುದ್ದ ಹೋಗಿದೆ. ಆ ಒಂದು ಸಾಲನ್ನು ಮಾತ್ರ ಹೊಸದಾಗಿ ಎಳೆಯುತ್ತೇನೆ, ಉಳಿದದ್ದು ಹಾಗೆಯೇ ಇರಲಿ.

ಸೋರುಚಾವಣಿ:
ಮೊಳವೇ? ಗಾಳಿಕಿಂಡಿಯ ಸುತ್ತ ನೋಡಿದಿರಾ?

ಹನ್ನೆರಡು ವೋಲ್ಟ್:
ಆ ಹೊಸ ಸಾಲಿಗಾದರೂ ಕ್ರಿಂಪ್ ಮಾಡಿ.